ಊರ ಹಬ್ಬ, ರಜೆಯ ಲೆಕ್ಕ

ಯುಗಾದಿ ಸಮೀಪಿಸಿತೆಂದರೆ ನಮ್ಮ ವಾಚನಾಲಯದಲ್ಲಿ ಒಂದೇ ಮಾತು: ಈ ಸಲ ಹಬ್ಬ ಎಂದು, ಊರಿಗೆ ಹೊರಡುವುದೆಂದು? ಸಂಕ್ರಾಂತಿಗೆ ಈ ಪೇಚಾಟವಿಲ್ಲ. ಅದು ಸೂರ್ಯನ ಲೆಕ್ಕದ್ದು. ಜನವರಿ 14 ಅಥವಾ 15ಕ್ಕೆ ಬರುತ್ತದೆ, ಇಲ್ಲಿನ ಪೊಂಗಲ್ ಹಬ್ಬದ ಜೊತೆಗೇ. ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅಂದು ಸಂಜೆಯೇ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುತ್ತಾರೆ. ತಮಿಳರು ದನಗಳನ್ನು ಪೂಜಿಸುವುದು ಮಾರನೆಯ ದಿನ.

ಯುಗಾದಿಯದು ಚಂದ್ರನ ಲೆಕ್ಕ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೌರ ವರ್ಷಕ್ಕೆ 365. ಆದಕಾರಣ ಹಬ್ಬವು ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದರೆ ಮುಂದಕ್ಕೆ ಹೋಗುತ್ತದೆ. 2023ರಲ್ಲಿ ಮಾರ್ಚ್ 22ಕ್ಕಿದ್ದದ್ದು, ನಡುವೆ ಅಧಿಕ ಶ್ರಾವಣ ಬಂದುದರಿಂದ, 2024ರಲ್ಲಿ ಏಪ್ರಿಲ್ 9ಕ್ಕೆ ಹೋಯಿತು. 2025ರಲ್ಲಿ ಮತ್ತೆ ಮಾರ್ಚ್ 30. ತಮಿಳರ ಹೊಸ ವರ್ಷ ಮಾತ್ರ ಏಪ್ರಿಲ್ 14ರ ಆಸುಪಾಸನ್ನು ಬಿಟ್ಟು ಕದಲದು.

ತಮಿಳುನಾಡು ಸರ್ಕಾರದ ರಜಾಪಟ್ಟಿಯಲ್ಲಿ 'ತೆಲುಗು ಹೊಸ ವರ್ಷ' ಎಂದಿರುವುದು ನಮ್ಮ ಯುಗಾದಿಯೇ. ಹೆಸರಿಗೇಕೆ ಮುನಿಸು, ರಜೆ ಉಂಟಲ್ಲ! ವರ್ಷತೊಡಕಿಗೂ ಊರಲ್ಲಿರಬೇಕೆಂದರೆ ಇನ್ನೊಂದು ದಿನ ಕೇಳಿ ಪಡೆಯಬೇಕು.

ನಾವೂ ಒಮ್ಮೆ ಹಿಂದಿನ ವರ್ಷದ ತಾರೀಕನ್ನು ನಂಬಿ ಟಿಕೆಟು ಕೊಂಡು, ಹಬ್ಬ ಮುಗಿದ ಮೇಲೆ ಊರು ಮುಟ್ಟಿದೆವು. ತಾಯಿಯವರು ಬಾಡಿದ ತೋರಣವನ್ನು ತೆಗೆಯದೆ, ಬೇವುಬೆಲ್ಲವನ್ನು ಮುಚ್ಚಿಟ್ಟು ಕಾದಿದ್ದರು.