ಸರೋವರಕ್ಕೆ ಹೊರಟವರೇ, ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ

ಅನ್ನಪೂರ್ಣೇಶ್ವರಿ ನಗರ, ನಾಗರಭಾವಿ, ಮಲ್ಲತ್ತಹಳ್ಳಿಯ ಜನಕ್ಕೆ ಬೆಳಗಿನ ನಡಿಗೆಗೆ ಜ್ಞಾನಭಾರತಿ ಆವರಣ ಇದೆ. ವಾರಾಂತ್ಯಕ್ಕೆ ಸಾವನದುರ್ಗ, ರಾಮನಗರದ ಬಂಡೆಗಳು ಹತ್ತಿರದಲ್ಲೇ ಇವೆ. ಹೀಗೆ ನಡೆದು ಹತ್ತಿ ಅಭ್ಯಾಸವಾದವರು ಒಂದು ತಂಡ ಕಟ್ಟಿಕೊಂಡು ಬೇಸಿಗೆ ರಜೆಯಲ್ಲಿ ಹಿಮಾಲಯದ ಕಡೆ ಹೊರಡುವುದು ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಈಗ ಹೊಸದೇನಲ್ಲ. ಕೇದಾರ್‌ತಾಲ್, ಸತೋಪಂಥ್, ಕಾಶ್ಮೀರದ ವಿಷನ್‌ಸರ್ ಮತ್ತು ಗಂಗಾಬಲ್, ಸ್ಪಿತಿಯ ಚಂದ್ರತಾಲ್ ಎಂಬ ಹೆಸರುಗಳು ಇಲ್ಲಿನ ಮನೆಗಳಲ್ಲಿ ಪರಿಚಿತವಾಗಿವೆ. ಹೊರಡುವ ಮುನ್ನ ನಡೆಯುವ ಚರ್ಚೆಯೆಲ್ಲ ಶೂ, ಜಾಕೆಟ್, ಮಲಗುವ ಚೀಲ, ಅಡುಗೆಯವರು, ತಲಾ ಎಷ್ಟು ಹಣ ಎಂಬುದರ ಸುತ್ತ ಇರುತ್ತದೆ. ಏನೂ ಮಾಡದೆ ಸುಮ್ಮನೆ ಕೂರಲು ಎಷ್ಟು ದಿನ ಇಟ್ಟುಕೊಂಡಿದ್ದೇವೆ ಎಂಬ ಪ್ರಶ್ನೆ ಮಾತ್ರ ಹೆಚ್ಚಾಗಿ ಏಳುವುದೇ ಇಲ್ಲ. ಹಿಮನದಿಯ ಪಕ್ಕದ ಸರೋವರಕ್ಕೆ ಗುಂಪಾಗಿ ಹೋಗುವವರ ಸುರಕ್ಷತೆಯಲ್ಲಿ ಬೇರೆಲ್ಲ ಸಲಕರಣೆಗಳಿಗಿಂತ ದೊಡ್ಡ ಪಾಲು ಈ ಬಿಡುವಿನ ದಿನಗಳದ್ದು ಎಂಬುದೇ ಈ ಲೇಖನದ ವಾದ.

ಮೊದಲ ಕಾರಣ ನಮ್ಮ ಭೂಗೋಳದಲ್ಲೇ ಇದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 2,000 ಮೀಟರನ್ನು ಮುಟ್ಟುವುದಿಲ್ಲ. ಕುಮಾರಪರ್ವತ 1,712 ಮೀಟರ್. ದಕ್ಷಿಣ ಭಾರತದಲ್ಲೇ ಎತ್ತರದ ಆನಮುಡಿ ಕೂಡ 2,695 ಮೀಟರಿಗೆ ನಿಲ್ಲುತ್ತದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಅಂದರೆ ತೆಳುಗಾಳಿಗೆ ತನ್ನ ದೇಹ ಹೇಗೆ ಸ್ಪಂದಿಸುತ್ತದೆ ಎಂದು ತಿಳಿದುಕೊಳ್ಳಲು ಕನ್ನಡಿಗನಿಗೆ ತನ್ನ ನಾಡಿನಲ್ಲಿ ಎಲ್ಲಿಯೂ ಅವಕಾಶವಿಲ್ಲ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವರ ಕಾಲು, ಎದೆ ಗಟ್ಟಿ ಇರಬಹುದು. ಆದರೆ ದೇಹದಾರ್ಢ್ಯಕ್ಕೂ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ. ದಿನಾ ಹತ್ತು ಕಿಲೋಮೀಟರ್ ಓಡುವ ಇಪ್ಪತ್ತೈದರ ಯುವಕನಿಗೆ ತಲೆನೋವು, ವಾಂತಿ ಬಂದು, ನಿಧಾನವಾಗಿ ನಡೆದ ಅರವತ್ತರ ಹಿರಿಯರು ಆರಾಮಾಗಿರುವುದುಂಟು. 4,400 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ಕ್ಕಿಂತಲೂ ಕೊಂಚ ಕಡಿಮೆ. ಅದಕ್ಕೆ ಒಗ್ಗಿಕೊಳ್ಳಲು ದೇಹ ಕೇಳುವುದು ದಿನಗಳನ್ನು, ಆ ದಿನಗಳನ್ನು ಅಲ್ಲೇ, ಆ ಎತ್ತರದಲ್ಲೇ ಕಳೆಯಬೇಕು.

ಎಷ್ಟು ದಿನ ಎಂಬುದಕ್ಕೆ ಪರ್ವತ ವೈದ್ಯರು ಒಪ್ಪಿದ ಒಂದು ಸರಳ ಲೆಕ್ಕವಿದೆ. 3,000 ಮೀಟರ್ ದಾಟಿದ ನಂತರ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಮೇಲೇರದೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಇದನ್ನು ಕೇದಾರ್‌ತಾಲ್‌ಗೆ ಅನ್ವಯಿಸಿ ನೋಡೋಣ. ಬೆಳಗಿನ ವಿಮಾನದಲ್ಲಿ ಡೆಹ್ರಾಡೂನ್‌ಗೆ ಬಂದಿಳಿದ ತಂಡ ಅಂದು ರಾತ್ರಿ ಸುಮಾರು 1,150 ಮೀಟರಿನ ಉತ್ತರಕಾಶಿಯಲ್ಲಿರುತ್ತದೆ. ಮರುದಿನ ಸಂಜೆ ಸುಮಾರು 3,100 ಮೀಟರಿನ ಗಂಗೋತ್ರಿ. ಜೀಪಿನಲ್ಲಿ ಕುಳಿತೇ ಒಂದು ದಿನದಲ್ಲಿ ಎರಡು ಸಾವಿರ ಮೀಟರಿನಷ್ಟು ಏರಿಯಾಯಿತು. ಅಲ್ಲಿಂದ ಭೋಜ್‌ಖರಕ್ ಸುಮಾರು 3,800, ಕೇದಾರ್‌ಖರಕ್ ಸುಮಾರು 4,270, ಸರೋವರ ಸುಮಾರು 4,750. ಅವಸರದ ವೇಳಾಪಟ್ಟಿಯಲ್ಲಿ ಇವು ಒಂದರ ಹಿಂದೊಂದು ಮೂರು ರಾತ್ರಿಗಳು. ಮೊದಲ ಹೆಜ್ಜೆಯೇ 700 ಮೀಟರ್, ಅದೂ ಜೀಪಿನಿಂದ ಇಳಿದ ಮಾರನೆಯ ದಿನ. ಗಂಗೋತ್ರಿಯಲ್ಲಿ ಇನ್ನೊಂದು ರಾತ್ರಿ, ನಡುವಿನ ಒಂದು ಬಿಡಾರದಲ್ಲಿ ಇನ್ನೊಂದು ರಾತ್ರಿ ಸೇರಿಸಿದರೆ ಇದೇ ದಾರಿ ದೇಹಕ್ಕೆ ಬಹಳ ಸುಸೂತ್ರವಾಗುತ್ತದೆ. ಸರೋವರದ ದಡದಲ್ಲಿ ಟೆಂಟ್ ಹಾಕದೆ, ಕೇದಾರ್‌ಖರಕ್‌ನಿಂದ ನಸುಕಿನಲ್ಲಿ ಹೊರಟು, ನೋಡಿ, ಸಂಜೆಯೊಳಗೆ ಅಲ್ಲಿಗೇ ಇಳಿದು ಮಲಗಿದರೆ ಕೊನೆಯ ಏರಿಕೆಯ ರಾತ್ರಿಯೇ ತಪ್ಪುತ್ತದೆ. ಯೂತ್ ಹಾಸ್ಟೆಲ್ಸ್ ಸಂಸ್ಥೆ ನಡೆಸುವ ಸಾರ್‌ಪಾಸ್ ಚಾರಣಕ್ಕೆ ಬೆಂಗಳೂರಿನಿಂದ ಹೋಗಿಬಂದವರು ಸಾವಿರಾರು ಮಂದಿ. ಅಲ್ಲಿ ಕಸೋಲ್‌ನ ಮೂಲ ಶಿಬಿರದಲ್ಲೇ ಮೊದಲ ದಿನಗಳನ್ನು ಕಸರತ್ತು, ಸಣ್ಣ ನಡಿಗೆಗಳಲ್ಲಿ ಕಳೆಸುತ್ತಾರೆ. ಮೇಲೆ ಹೋಗಲು ತವಕಿಸುವವರಿಗೆ ಅದು ವ್ಯರ್ಥವೆನಿಸುತ್ತದೆ. ಆ ಕಾರ್ಯಕ್ರಮದ ಅತ್ಯಂತ ವಿವೇಕದ ಭಾಗವೇ ಅದು.

ಇಲ್ಲಿ ರೈಲಿನ ಮಾತು ಬರುತ್ತದೆ. ಮೊದಲು ಬೆಂಗಳೂರಿನಿಂದ ಹಿಮಾಲಯಕ್ಕೆ ಹೋಗುವುದೆಂದರೆ ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ಸುಮಾರು 2,400 ಕಿಲೋಮೀಟರ್ ಕ್ರಮಿಸಿ, ಮೂರನೆಯ ದಿನ ದೆಹಲಿಯಲ್ಲಿ ಇಳಿಯುವುದು. ಆ ಪ್ರಯಾಣ ಯಾರನ್ನೂ ಎತ್ತರಕ್ಕೆ ಒಗ್ಗಿಸುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ದೆಹಲಿ ಬೆಂಗಳೂರಿಗಿಂತ ತಗ್ಗಿನಲ್ಲಿದೆ. ಆದರೆ ಹೋಗಿ ಬರಲು ನಾಲ್ಕು ದಿನ ರೈಲಿಗೇ ಕೊಟ್ಟವನು ಹದಿನೈದು ದಿನದ ರಜೆ ಹಾಕಿಯೇ ಹೊರಡುತ್ತಿದ್ದ, ಅಷ್ಟು ದೂರ ಬಂದಮೇಲೆ ಒಂದು ದಿನ ಹೆಚ್ಚಾದರೂ ಆಗಲಿ ಎನ್ನುತ್ತಿದ್ದ. ವಿಮಾನ ಉಳಿಸಿಕೊಟ್ಟ ದಿನಗಳು ಬೆಟ್ಟದಲ್ಲಿ ಕಳೆಯುವ ದಿನಗಳಾಗಲಿಲ್ಲ, ರಜೆಯೇ ಮೊಟಕಾಯಿತು. ಈಗ ರೈಲೂ ಬೆಟ್ಟದೊಳಕ್ಕೆ ನುಗ್ಗುತ್ತಿದೆ. 2025ರ ಜೂನ್ 6ರಂದು ಕಟ್ರಾದಿಂದ ಶ್ರೀನಗರಕ್ಕೆ ರೈಲು ಓಡತೊಡಗಿತು. ಶ್ರೀನಗರದಿಂದ ಕಾಶ್ಮೀರದ ಸರೋವರ ಚಾರಣ ಶುರುವಾಗುವ ಸೋನಾಮಾರ್ಗ್‌ಗೆ ಕೆಲವೇ ಗಂಟೆಗಳ ದಾರಿ. ಋಷಿಕೇಶದಿಂದ ಕರ್ಣಪ್ರಯಾಗಕ್ಕೆ 125 ಕಿಲೋಮೀಟರಿನ ಮಾರ್ಗ, ಅದರ ಬಹುಪಾಲು ಸುರಂಗದಲ್ಲೇ, ನಿರ್ಮಾಣದಲ್ಲಿದೆ. ಜಗತ್ತಿನ ಬೇರೆಡೆ ಇದು ಬಹಳ ಹಿಂದೆಯೇ ನಡೆದಿದೆ: ಕೆನಡಾದ ಲೇಕ್ ಲೂಯಿಸ್ ಎಂಬ ಹಿಮನದಿ ಸರೋವರ ಪ್ರವಾಸಿಗರಿಗೆ ತೆರೆದುಕೊಂಡಿದ್ದೇ 1880ರ ದಶಕದಲ್ಲಿ ಅಲ್ಲಿಗೆ ಬಂದ ಕೆನೇಡಿಯನ್ ಪೆಸಿಫಿಕ್ ರೈಲಿನಿಂದ. ಆ ಸರೋವರ 1,700 ಮೀಟರಿನ ಆಸುಪಾಸಿನಲ್ಲಿ ಇರುವುದರಿಂದ ರೈಲಿನಿಂದ ಇಳಿದವರಿಗೆ ಉಸಿರಿನ ತೊಂದರೆ ಇರಲಿಲ್ಲ. ಇಂದು ಪರ್ವತ ವೈದ್ಯರು ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತುಗಳಿಗೆ ಅಂಕ ಕೊಟ್ಟು ಎತ್ತರದ ಕಾಯಿಲೆಯನ್ನು ಅಳೆಯುವ ಕ್ರಮಕ್ಕೆ ಆ ಸರೋವರದ ಹೆಸರೇ ಇದೆ. ಆ ವಿಷಯದ ವಿಜ್ಞಾನಿಗಳು ಅಲ್ಲಿ ಸಭೆ ಸೇರುತ್ತಿದ್ದರು. ನಮ್ಮ ಈ ಸರೋವರಗಳು ಅದರ ಎರಡು ಪಟ್ಟಿಗಿಂತಲೂ ಹೆಚ್ಚು ಎತ್ತರದಲ್ಲಿವೆ. ದಾರಿ ಹತ್ತಿರವಾದಷ್ಟೂ, ಮೊದಲು ತಾನಾಗಿ ಸಿಗುತ್ತಿದ್ದ ಸಮಯವನ್ನು ನಾವೇ ಬೇಕೆಂದು ಸೇರಿಸಬೇಕಾಗುತ್ತದೆ.

ಬಿಡುವಿನ ದಿನ ಬೇಕಾಗುವುದು ದೇಹಕ್ಕೆ ಮಾತ್ರವಲ್ಲ. ಹಿಮನದಿಯ ತೊರೆಗಳು ಬೆಳಿಗ್ಗೆ ಸಣ್ಣಗಿರುತ್ತವೆ; ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನದ ಹೊತ್ತಿಗೆ ಉಕ್ಕುತ್ತವೆ. ಬೆಳಿಗ್ಗೆ ಮೊಣಕಾಲಿನಷ್ಟಿದ್ದ ನೀರು ಸಂಜೆ ಸೊಂಟಕ್ಕೆ ಬಂದಿರಬಹುದು. ತಡವಾಗಿ ತೊರೆಯ ಬಳಿ ತಲುಪಿದ ತಂಡ ಮಾಡಬೇಕಾದ್ದು ಒಂದೇ ಕೆಲಸ: ಈಚೆ ದಡದಲ್ಲಿ ರಾತ್ರಿ ಕಳೆದು ಬೆಳಿಗ್ಗೆ ದಾಟುವುದು. ನಾಳೆ ಸಂಜೆಗೆ ಡೆಹ್ರಾಡೂನ್‌ನಿಂದ ವಿಮಾನವಿದ್ದರೆ ಆ ಕೆಲಸ ಮಾಡುವುದು ಕಷ್ಟ. ಹವಾಮಾನವೂ ಹಾಗೆಯೇ. ಮೇ, ಜೂನ್ ತಿಂಗಳಿನಲ್ಲೂ ನಾಲ್ಕು ಸಾವಿರ ಮೀಟರಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದು ಹಿಮ ಬೀಳುವುದು ಸಾಮಾನ್ಯ. ಹವಾಮಾನ ಇಲಾಖೆ ಹಳದಿ, ಕಿತ್ತಳೆ ಎಚ್ಚರಿಕೆಗಳನ್ನು ಕೊಡುತ್ತದೆ. ಆ ಎಚ್ಚರಿಕೆಯನ್ನು ಪಾಲಿಸಲು ಕೈಯಲ್ಲಿ ದಿನ ಇರಬೇಕಲ್ಲ.

2024ರ ಜೂನ್ ಮೊದಲ ವಾರದ ಸಹಸ್ರತಾಲ್ ದುರಂತವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಉತ್ತರಕಾಶಿ, ಟಿಹ್ರಿ ಜಿಲ್ಲೆಗಳ ಗಡಿಯಲ್ಲಿ ಸುಮಾರು 4,400 ಮೀಟರ್ ಎತ್ತರದಲ್ಲಿರುವ ಆ ಸರೋವರಕ್ಕೆ ಹೋಗಿದ್ದ 22 ಜನರ ತಂಡದಲ್ಲಿ 18 ಮಂದಿ ಕರ್ನಾಟಕದವರು. ಸರೋವರ ನೋಡಿ ಬಿಡಾರಕ್ಕೆ ಮರಳುವಾಗ ಹಿಮಬಿರುಗಾಳಿ ಎದ್ದಿತು, ದಾರಿ ಕಾಣದಾಯಿತು, ರಾತ್ರಿಯನ್ನು ಬಯಲಿನಲ್ಲೇ ಕಳೆಯಬೇಕಾಯಿತು. 9 ಮಂದಿ ಮರಳಲಿಲ್ಲ. ಉಳಿದವರನ್ನು ವಾಯುಪಡೆಯ ಹೆಲಿಕಾಪ್ಟರುಗಳು ಮತ್ತು ರಾಜ್ಯ ವಿಪತ್ತು ಪಡೆಯವರು ಕೆಳಗಿಳಿಸಿದರು. ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋಗಿ ನಿಂತರು. ಹೋದವರು ಹೊಸಬರಲ್ಲ, ಅವರಲ್ಲಿ ಅನುಭವಿ ಚಾರಣಿಗರಿದ್ದರು. ಅವರ ಬಳಿ ಒಂದು ದಿನ ಹೆಚ್ಚಿಗೆ ಇದ್ದಿದ್ದರೆ ಬದುಕುತ್ತಿದ್ದರು ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ, ಅದು ಸತ್ತವರಿಗೂ ಅವರ ಮನೆಯವರಿಗೂ ಮಾಡುವ ಅನ್ಯಾಯ. ಬಿಡುವಿನ ದಿನ ಬಿರುಗಾಳಿಯನ್ನು ತಡೆಯುವುದಿಲ್ಲ ಎಂಬ ಆಕ್ಷೇಪ ಪೂರ್ತಿ ಸರಿ. ಆದರೆ ಆ ದುರಂತ ಒಂದು ವಿಷಯವನ್ನು ಖಚಿತವಾಗಿ ತೋರಿಸಿತು: ಆ ಎತ್ತರದಲ್ಲಿ ಬಿರುಗಾಳಿಗೆ ಸಿಕ್ಕಿಕೊಂಡ ಮೇಲೆ ಅನುಭವ, ಮಾರ್ಗದರ್ಶಕರು, ಒಳ್ಳೆಯ ಜಾಕೆಟ್ ಇವು ಯಾವುವೂ ಜೀವ ಉಳಿಸುವ ಭರವಸೆ ಕೊಡುವುದಿಲ್ಲ, ಹವೆ ಕೆಟ್ಟಾಗ ಹೆಲಿಕಾಪ್ಟರೂ ಹಾರುವುದಿಲ್ಲ. ಆದ್ದರಿಂದ ಸಿಕ್ಕಿಕೊಳ್ಳುವ ಸಾಧ್ಯತೆಯನ್ನು ಕಡಿಮೆ ಮಾಡುವುದೇ ನಮ್ಮ ಕೈಲಿರುವುದು. ಅದಕ್ಕಿರುವ ಮುಖ್ಯ ದಾರಿ, ಬೆಳಗಿನ ಆಕಾಶ ಅನುಮಾನ ಹುಟ್ಟಿಸಿದರೆ ಇವತ್ತು ಬೇಡ, ನಾಳೆ ಎನ್ನುವ ಸ್ವಾತಂತ್ರ್ಯ.

ಗುಂಪಿನಲ್ಲಿ ಈ ಸ್ವಾತಂತ್ರ್ಯ ಇನ್ನಷ್ಟು ಅಗತ್ಯ. ಹತ್ತು ಜನ ಇದ್ದರೆ ಭದ್ರ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ನಮ್ಮಲ್ಲಿ ತನ್ನಿಂದ ನಾಲ್ಕು ಜನಕ್ಕೆ ತೊಂದರೆಯಾಗಬಾರದು ಎಂಬ ಸಂಕೋಚ ಆಳವಾಗಿ ಬೇರೂರಿದೆ. ಮೂರನೆಯ ರಾತ್ರಿ ತಲೆ ಸಿಡಿಯುತ್ತಿದ್ದರೂ, ಊಟ ಸೇರದಿದ್ದರೂ, ‘ಏನಿಲ್ಲ ಅಣ್ಣ, ನಿದ್ದೆ ಕಮ್ಮಿ ಆಯ್ತು ಅಷ್ಟೇ’ ಎನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ. ತಾನು ಬಾಯಿಬಿಟ್ಟರೆ ಎಲ್ಲರ ಸರೋವರ ತಪ್ಪುತ್ತದೆ ಎಂಬ ಭಯ ಅವರದು. ವೇಳಾಪಟ್ಟಿಯಲ್ಲಿ ಖಾಲಿ ದಿನ ಇದ್ದರೆ ಆ ಮಾತನ್ನು ಆಡುವುದು ಸುಲಭವಾಗುತ್ತದೆ, ಏಕೆಂದರೆ ಆಗ ತಂಡ ಕಳೆದುಕೊಳ್ಳುವುದು ಏನೂ ಇರುವುದಿಲ್ಲ. ಎತ್ತರದ ಕಾಯಿಲೆ ಮಿದುಳಿಗೆ, ಶ್ವಾಸಕೋಶಕ್ಕೆ ಏರುವ ಮುನ್ನ ತಡೆಯುವುದಕ್ಕೆ ಬೇಕಾದ್ದು ಆ ಒಂದು ಪ್ರಾಮಾಣಿಕ ಮಾತೇ.

ರಜೆ ಎಲ್ಲಿಂದ ತರುವುದು ಎಂಬುದು ಸಂಬಳದಾರರ ನ್ಯಾಯವಾದ ಪ್ರಶ್ನೆ. ರಜೆ ಹೆಚ್ಚಿಸಲಾಗದಿದ್ದರೆ ಎತ್ತರವನ್ನು ತಗ್ಗಿಸಬೇಕು. ಆರೇ ದಿನ ಇದೆಯೆಂದರೆ ಸುಮಾರು 2,400 ಮೀಟರಿನ ದೇವರಿಯಾ ತಾಲ್, 2,730 ಮೀಟರಿನ ಪರಾಶರ ಸರೋವರ ಇವೆ. ಹಿಮಶಿಖರಗಳು ಅಲ್ಲಿಂದಲೂ ಎದುರಿಗೇ ಕಾಣುತ್ತವೆ. ಡಯಾಮಾಕ್ಸ್ ನುಂಗಿದರೆ ಸಾಲದೇ ಎನ್ನುವವರಿದ್ದಾರೆ. ವೈದ್ಯರನ್ನು ಕೇಳಿ ತೆಗೆದುಕೊಂಡರೆ ಆ ಮಾತ್ರೆ ದೇಹ ಒಗ್ಗಲು ನೆರವಾಗುತ್ತದೆ, ನಿಜ. ಅದು ದಿನಗಳಿಗೆ ಬದಲಿಯಲ್ಲ, ಉಕ್ಕುವ ತೊರೆಯನ್ನೂ ಬೀಳುವ ಹಿಮವನ್ನೂ ಅದು ನಿಲ್ಲಿಸುವುದಿಲ್ಲ. ಇವೆರಡಕ್ಕಿಂತ ತೂಕದ ಆಕ್ಷೇಪ ಪರಿಸರದವರದ್ದು: ಇಪ್ಪತ್ತು ಜನ ಇನ್ನೂ ಎರಡು ರಾತ್ರಿ ಹುಲ್ಲುಗಾವಲಿನಲ್ಲಿ ಟೆಂಟ್ ಹಾಕಿದರೆ ಆ ನೆಲದ ಗತಿಯೇನು? ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ಬುಗ್ಯಾಲ್ ಎಂದು ಕರೆಯುವ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ಪ್ರವಾಸಿಗರ ಸಂಖ್ಯೆಗೆ 200ರ ಮಿತಿ ಹಾಕಿದ್ದು ಈ ಕಳವಳದಿಂದಲೇ. ಒಮ್ಮೆ ಸವೆದ ಹುಲ್ಲು ಅಲ್ಲಿ ಮತ್ತೆ ಚಿಗುರಲು ವರ್ಷಗಳು ಬೇಕು. ಹೆಚ್ಚಿನ ರಾತ್ರಿಗಳನ್ನು ಸರೋವರದ ದಡದಲ್ಲಿ ಕಳೆಯಿರಿ ಎಂದು ಈ ವಾದ ಹೇಳುತ್ತಿಲ್ಲ. ಒಗ್ಗಿಕೊಳ್ಳುವ ದಿನಗಳನ್ನು ಗಂಗೋತ್ರಿಯಂಥ ಊರಿನಲ್ಲಿ, ದಾರಿಯ ಕೊನೆಯ ಹಳ್ಳಿಯ ಮನೆಗಳಲ್ಲಿ ಕಳೆದರೆ ಹಣ ಆ ಹಳ್ಳಿಗೆ ಸೇರುತ್ತದೆ, ಹಗಲು ಮೇಲೇರಿ ರಾತ್ರಿ ಕೆಳಗೆ ಮಲಗುವ ವೈದ್ಯರ ಸೂತ್ರವೂ ಪಾಲನೆಯಾಗುತ್ತದೆ, ಸರೋವರದ ನೀರೂ ಸ್ವಚ್ಛವಾಗಿ ಉಳಿಯುತ್ತದೆ.

ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ; ಮೇ ಕೊನೆಯ ಪ್ರಯಾಣಕ್ಕೆ ಮಾರ್ಚ್ ಕೊನೆಯಲ್ಲೇ ಸೀಟು ಹಿಡಿಯಬೇಕು. ಅನ್ನಪೂರ್ಣೇಶ್ವರಿ ನಗರದಲ್ಲಾಗಲಿ ಕೆಂಗೇರಿಯಲ್ಲಾಗಲಿ ತಂಡ ಕಟ್ಟುತ್ತಿರುವವರು ಅಂದೇ, ಹಣ ಸಂಗ್ರಹಿಸುವ ಮೊದಲೇ, ಹಿಂದಿರುಗುವ ಟಿಕೆಟನ್ನು ಬೆಟ್ಟ ಇಳಿಯುವ ದಿನದಿಂದ ಎರಡು ದಿನ ಮುಂದಕ್ಕೆ ಹಾಕಿ. ಆ ಎರಡು ದಿನ ಬೇಕಾಗದೆ ಉಳಿದರೆ ಹರಿದ್ವಾರದಲ್ಲಿ ಗಂಗೆಯ ದಡದಲ್ಲಿ ಕಳೆಯಿರಿ. ಎರಡು ದಿನ ಕೊಡಲಾಗುವುದಿಲ್ಲ ಎನ್ನುವ ಸದಸ್ಯರಿದ್ದರೆ ಈ ವರ್ಷ ಅವರಿಗಾಗಿ ತಗ್ಗಿನ ಸರೋವರವನ್ನು ಆರಿಸಿ.