ಅಬ್ಬಾಗೆ ಮೊಬೈಲ್ ಕೊಡಿಸಿದರೆ ಸಾಕೇ?

ಸಂಜಯನಗರದ ನನ್ನ ಕ್ಲಿನಿಕ್ಕಿಗೆ ಯುವಕನೊಬ್ಬ ಶಿಡ್ಲಘಟ್ಟ ಕಡೆಯ ಹಳ್ಳಿಯಿಂದ ತಂದೆಯನ್ನು ಕರೆತಂದಿದ್ದ. ಅವರಿಗೆ ವಯಸ್ಸು ಎಪ್ಪತ್ತು ದಾಟಿದೆ. ನಿದ್ದೆಯಿಲ್ಲ, ಬೆಳಗ್ಗೆ ತಲೆಭಾರ, ಮಲಬದ್ಧತೆ. ತಾಯಿ ತೀರಿಕೊಂಡ ಮೇಲೆ ಬೇಸರ ಕಳೆಯಲೆಂದು ಮಗನೇ ಸ್ಮಾರ್ಟ್‌ಫೋನ್ ಕೊಡಿಸಿದ್ದ.

"ನಿನ್ನೆ ಯಾರ ಜೊತೆ ಮಾತಾಡಿದಿರಿ ಚಾಚಾ?" ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, "ಯಾರ ಜೊತೆಗೂ ಇಲ್ಲ ಡಾಕ್ಟರ್ ಸಾಬ್, ವಿಡಿಯೋ ನೋಡ್ತಾ ಇದ್ದೆ" ಎಂದರು. ಮಗ ತಲೆ ತಗ್ಗಿಸಿದ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಆಧಾರಗಳಿವೆ. ಅವನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಈ ಹಿರಿಯರ ವಿಷಯದಲ್ಲಿ ಕೊನೆಯ ನಾಲ್ಕೂ ಹದ ತಪ್ಪಿದ್ದವು. ಒಂಟಿತನವೂ ಕಾಯಿಲೆಗೆ ದಾರಿ. ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿದೆ.

ಹಾಗೆಂದು ಫೋನ್ ಕಿತ್ತುಕೊಳ್ಳಿ ಎಂದು ನಾನು ಹೇಳಲಿಲ್ಲ. ಅವರು ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿದವರು. ಜೊತೆಗೆ ದುಡಿದ ಗೆಳೆಯರೊಬ್ಬರು ಈಗ ರಾಮನಗರದಲ್ಲಿದ್ದಾರೆ. ಮಗ ಅವರ ನಂಬರ್ ಹುಡುಕಿಕೊಟ್ಟ. ಪ್ರತಿದಿನ ಅಸರ್ ನಮಾಝಿನ ನಂತರ ಹತ್ತು ನಿಮಿಷ ವಿಡಿಯೋ ಕರೆ. ಮೊದಲಿನಂತೆ ಮಸೀದಿಯ ಜಗಲಿಯಲ್ಲಿ ಜಮಾಅತಿನ ಹಿರಿಯರೊಡನೆ ಸ್ವಲ್ಪ ಹೊತ್ತು. ಇಶಾ ಬಳಿಕ ಫೋನ್ ಬೇರೆ ಕೋಣೆಯಲ್ಲಿ. ಎರಡು ತಿಂಗಳ ನಂತರ ಬಂದಾಗ ನಿದ್ದೆ ಪೂರ್ತಿ ಸರಿಹೋಗಿರಲಿಲ್ಲ. ಆದರೆ ರಾಮನಗರದ ಗೂಡಿನ ಧಾರಣೆಯನ್ನು ಅವರೇ ನನಗೆ ಹೇಳಿದರು!

ಮನುಷ್ಯರ ಬಳಿಗೆ ಕರೆದೊಯ್ದರೆ ಇಂಟರ್‌ನೆಟ್ ಔಷಧ, ಮನುಷ್ಯರ ಜಾಗದಲ್ಲಿ ತಾನೇ ಕುಳಿತರೆ ಕಾಯಿಲೆ.

ಮನೆಯ ಅಮ್ಮಿ, ದಾದಿಯರನ್ನೂ ಮರೆಯದಿರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ ಇಂಟರ್‌ನೆಟ್ ಬಳಸಿದ್ದ ಪುರುಷರು ನೂರಕ್ಕೆ ಸುಮಾರು 49, ಮಹಿಳೆಯರು ಸುಮಾರು 25 ಮಾತ್ರ. ಇದು 15ರಿಂದ 49 ವಯಸ್ಸಿನವರ ಲೆಕ್ಕ. ಅದಕ್ಕೂ ಹಿರಿಯ ಹೆಂಗಸರಿಗೆ ಮೊಮ್ಮಕ್ಕಳು ಬಿಡುವಾದಾಗ ಹಿಡಿದು ತೋರಿಸಿದಷ್ಟೇ ಫೋನ್.

ಮನೆಯವರು ಇಷ್ಟು ಮಾಡಿ:

• ಅಕ್ಷರ ದೊಡ್ಡದು ಮಾಡಿ. ಓದಲು ಬಾರದವರಿಗೆ ಧ್ವನಿ ಸಂದೇಶ ಕಳಿಸುವುದನ್ನು ಕಲಿಸಿ, ಬೇಸರವಿಲ್ಲದೆ ಹತ್ತು ಸಲ ಬೇಕಾದರೂ.

• ಫಾರ್ವರ್ಡ್ ಆಗಿ ಬಂದ ಮದ್ದನ್ನು ನಂಬಿ ಸಕ್ಕರೆ, ಬಿಪಿ ಮಾತ್ರೆ ನಿಲ್ಲಿಸಲು ಬಿಡಬೇಡಿ. ದೂರದ ಹಳ್ಳಿಯಲ್ಲಿದ್ದರೆ ಸರ್ಕಾರದ ಇ-ಸಂಜೀವನಿಯಲ್ಲಿ ವೈದ್ಯರ ಸಲಹೆ ಪಡೆಯಬಹುದು.

• ಒಟಿಪಿ ಯಾರಿಗೂ ಹೇಳಬಾರದು. ಪೊಲೀಸರು ವಿಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ ಎಂದು ತಿಳಿಸಿ. ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ. ಹಿರಿಯರ ಸಹಾಯವಾಣಿ 14567.

ಮುಂದಿನ ಸಲ ಊರಿಗೆ ಕರೆ ಮಾಡಿದಾಗ "ಮಾತ್ರೆ ತಗೊಂಡ್ರಾ ಅಬ್ಬಾ?" ಎಂದಷ್ಟೇ ಕೇಳಿ ಇಡಬೇಡಿ. "ಇವತ್ತು ಯಾರು ಸಿಕ್ಕಿದ್ದರು?" ಎಂದೂ ಕೇಳಿ.