ಅಂಕಿ ಇದೆ, ಅಳತೆ ಎಲ್ಲಿ?

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಒಂದರ ಮಗ್ಗುಲಿಗೆ ಒಂದಿವೆ. ಮೂರೂ ಕಡೆ ಬಂಡೆಯ ಮೇಲೆ ಅಶೋಕನ ಒಂದೇ ಆದೇಶದ ಪ್ರತಿಯಿದೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದಾಗ, ಮೌರ್ಯರ ಆಡಳಿತ ಕನ್ನಡ ನೆಲದವರೆಗೂ ಚಾಚಿತ್ತು ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿತು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ದೊರೆಯ ಮಾತು ತಿಳಿಸುವ ಓಲೆ ಅದು. ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ಶ್ರಮಪಟ್ಟರೆ ದಕ್ಕುತ್ತದೆ ಎಂಬುದು ಅದರ ತಿರುಳು. ತಂದೆ ತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆಯಿರಲಿ, ಸತ್ಯ ನುಡಿಯಿರಿ ಎಂಬ ಮಾತುಗಳೂ ಇವೆ.

ಪ್ರೋಗ್ರಾಮರ್ ಆದ ನನ್ನ ಕಣ್ಣು ನಿಲ್ಲುವುದು ಆ ಶಾಸನದ ಒಂದು ಸಂಖ್ಯೆಯ ಮೇಲೆ: 256. ಬ್ರಹ್ಮಗಿರಿಯ ಪ್ರತಿಯಲ್ಲಿ ಅದನ್ನು 200, 50, 6 ಎಂದು ಮೂರು ಗುರುತುಗಳಲ್ಲಿ ಸಾಲಾಗಿ ಕೆತ್ತಿದ್ದಾರೆ. ಆ ಕಾಲದ ಬ್ರಾಹ್ಮಿ ಅಂಕಿಗಳಲ್ಲಿ ಸೊನ್ನೆಯಿಲ್ಲ. ಆದರೆ 256 ಏನು? ಅಲ್ಲಿ ಅದನ್ನು ಬಿಡಿಸಿ ಹೇಳಿಲ್ಲ. ವರ್ಷಗಳು ಎಂದುಕೊಂಡ ವಿದ್ವಾಂಸರು ಬುದ್ಧನ ನಿರ್ವಾಣದಿಂದ ಎಣಿಸಿ ಕಾಲಗಣನೆಗೆ ಹೊರಟರು. ಬಿಹಾರದ ಸಾಸಾರಾಂ ಪ್ರತಿಯಲ್ಲಿ ಆ ಲೆಕ್ಕ ರಾತ್ರಿಗಳದ್ದು ಎಂಬುದು ಸ್ಪಷ್ಟವಾದ ಮೇಲೆ, ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಎಂಬ ಅರ್ಥ ನೆಲೆಯೂರಿತು.

ಬಂಡೆಯ ಮೇಲಿನ ಅಂಕಿ ಅಳಿಸಿರಲಿಲ್ಲ. ಅದರ ಅಳತೆ ಜೊತೆಗಿರಲಿಲ್ಲ, ಅಷ್ಟೇ. ಕೋಡಿಂಗ್‌ನಲ್ಲಿ, ದುಡ್ಡಿನ ವ್ಯವಹಾರದಲ್ಲಿ, ಭಾಷೆಯ ಬಳಕೆಯಲ್ಲಿ ನಾನು ಕಂಡ ಬಹುಪಾಲು ತೊಡಕುಗಳು ಇದೇ ಜಾತಿಯವು. ಅಂಕಿ ಕೊಡುವವರು ಅದರ ಅಳತೆಯನ್ನೂ ಕೊಡಬೇಕು, ಅದನ್ನು ಓದಿ ಬದುಕಬೇಕಾದವರ ಭಾಷೆಯಲ್ಲೇ ಕೊಡಬೇಕು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

ಬೈಟ್ ಒಳಗಿನ ಕನ್ನಡ

ಕಂಪ್ಯೂಟರಿನ ಒಂದು ಬೈಟ್‌ನಲ್ಲಿ ಹಿಡಿಸುವುದೂ 256 ಬೇರೆ ಬೇರೆ ಮೌಲ್ಯಗಳೇ. ಬಂಡೆಯ ಸಂಖ್ಯೆಗೂ ಇದಕ್ಕೂ ನಂಟಿಲ್ಲ. ತೊಡಕು ಮಾತ್ರ ಒಂದೇ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನು ತುಂಡು ಮಾಡಿ ಆ 256 ಮನೆಗಳಲ್ಲೇ ಕೂರಿಸಬೇಕಿತ್ತು. ಯಾವ ತುಂಡು ಯಾವ ಮನೆಯಲ್ಲಿ ಎಂಬುದನ್ನು ಒಂದೊಂದು ತಂತ್ರಾಂಶ ಒಂದೊಂದು ಬಗೆಯಲ್ಲಿ ನಿರ್ಧರಿಸಿತ್ತು. ಹಾಗಾಗಿ ಒಂದರಲ್ಲಿ ಟೈಪ್ ಮಾಡಿದ ಅರ್ಜಿ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿಯಾಗುತ್ತಿತ್ತು. ಕಡತದಲ್ಲಿ ಅಂಕಿಗಳೆಲ್ಲ ಸರಿಯಾಗಿಯೇ ಇರುತ್ತಿದ್ದವು. ಅವು ಯಾವ ಫಾಂಟ್‌ನ ಅಂಕಿಗಳು ಎಂಬುದನ್ನು ಕಡತ ಹೇಳುತ್ತಿರಲಿಲ್ಲ.

ಈ ಇಕ್ಕಟ್ಟಿನೊಳಗೇ ಕನ್ನಡವನ್ನು ಕಂಪ್ಯೂಟರಿಗೆ ತಂದವರಿಗೆ ನಾವು ಋಣಿಗಳು. ಕೆ.ಪಿ. ರಾವ್ ಕನ್ನಡದ ಅಕ್ಷರ ರಚನೆಯ ತರ್ಕವನ್ನೇ ಹಿಡಿದು ಕೀಲಿಮಣೆ ವಿನ್ಯಾಸ ಮಾಡಿದರು. ಶೇಷಾದ್ರಿವಾಸು 1998ರಲ್ಲಿ 'ಬರಹ' ಹೊರತಂದರು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಕಟ್ಟಿತು. ಯೂನಿಕೋಡ್‌ನಲ್ಲಿ 'ಕ' ಅಕ್ಷರಕ್ಕೆ ಜಗತ್ತಿಗೆಲ್ಲ ಒಂದೇ ಸಂಖ್ಯೆ, 3221. ಚಳ್ಳಕೆರೆಯಲ್ಲಿ ಬರೆದದ್ದನ್ನು ಇಂದು ಯಾವ ದೇಶದ ಫೋನಿನಲ್ಲಾದರೂ ಹಾಗೇ ಓದಬಹುದು.

ಮೊಳಕಾಲ್ಮುರಿನ ರೇಷ್ಮೆ ಮಗ್ಗದವರಿಗೆ ಈ ವಿಚಾರ ಹೊಸದೇನಲ್ಲ. ಜಕಾರ್ಡ್‌ನ ರಟ್ಟಿನ ಕಾರ್ಡಿನಲ್ಲಿ ತೂತಿದ್ದರೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಯಾವ ತೂತು ಯಾವ ಎಳೆಗೆ ಎಂಬುದು ಆ ಮಗ್ಗದ ಕಟ್ಟಿನ ಮೇಲೆ ನಿಂತಿದೆ. ಕಟ್ಟು ಬೇರೆಯಾದರೆ ಅದೇ ಕಾರ್ಡು ಸೀರೆಯಂಚಿನಲ್ಲಿ ನವಿಲು ಮೂಡಿಸುವುದಿಲ್ಲ. ಫ್ರಾನ್ಸ್‌ನ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಈ ಕಾರ್ಡುಗಳನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕ ಯಂತ್ರದ ಯೋಜನೆಗೆ ತೆಗೆದುಕೊಂಡ. ನೇಕಾರಿಕೆ ಮತ್ತು ಕೋಡಿಂಗ್ ನೆಂಟರೆಂಬುದು ಇತಿಹಾಸದ ಸಂಗತಿ.

ಮೂರು ಹೆಚ್ಚೋ, ಹನ್ನೆರಡು ಹೆಚ್ಚೋ?

ಈಗ ದುಡ್ಡಿನ ಮಾತು. ಹಳ್ಳಿಯ ಕೈಸಾಲದಲ್ಲಿ 'ಮೂರು ರೂಪಾಯಿ ಬಡ್ಡಿ' ಎಂದರೆ ನೂರಕ್ಕೆ, ತಿಂಗಳಿಗೆ. ಬ್ಯಾಂಕು 'ಹನ್ನೆರಡು ಪರ್ಸೆಂಟ್' ಎಂದರೆ ವರ್ಷಕ್ಕೆ. ಕಿವಿಗೆ ಮೂರು ಚಿಕ್ಕದು, ಲೆಕ್ಕದಲ್ಲಿ ಅದು ವರ್ಷಕ್ಕೆ 36. ತಿಂಗಳ ಬಡ್ಡಿ ಕಟ್ಟದೆ ಅದು ಅಸಲಿಗೆ ಸೇರುತ್ತಾ ಹೋದರೆ ವರ್ಷದ ಕೊನೆಗೆ 42 ದಾಟುತ್ತದೆ, ಎರಡು ವರ್ಷಕ್ಕೆ ಸಾಲ ಇಮ್ಮಡಿಯಾಗುತ್ತದೆ.

ಫೈನಾನ್ಸ್ ಕಂಪನಿಗಳ 'ಫ್ಲ್ಯಾಟ್' ಬಡ್ಡಿಯಲ್ಲೂ ಅಳತೆಯೇ ಮರೆಯಾಗಿರುತ್ತದೆ. ಒಂದು ಲಕ್ಷ ಸಾಲ, ಹನ್ನೆರಡು ಪರ್ಸೆಂಟ್ ಫ್ಲ್ಯಾಟ್, ಒಂದು ವರ್ಷ ಎಂದುಕೊಳ್ಳಿ. ತಿಂಗಳಿಗೆ 9,333 ರೂಪಾಯಿ ಕಂತು. ಪ್ರತಿ ಕಂತಿನಲ್ಲೂ ಅಸಲು ಇಳಿಯುತ್ತಿದ್ದರೂ ಬಡ್ಡಿಯನ್ನು ಪೂರ್ತಿ ಲಕ್ಷದ ಮೇಲೆಯೇ ಹಾಕಿರುತ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ 21 ಪರ್ಸೆಂಟ್ ದಾಟುತ್ತದೆ. ಇಲ್ಲಿ ಯಾರೂ ಸುಳ್ಳು ಅಂಕಿ ಹೇಳಿರುವುದಿಲ್ಲ. ಯಾವುದರ ಮೇಲೆ ಹನ್ನೆರಡು ಎಂಬುದನ್ನು ಬಿಟ್ಟಿರುತ್ತಾರೆ.

ಹೊಲ ನಮ್ಮದು, ಲೆಕ್ಕ ಪಂಚಾಯಿತಿಯದು

ಮಳೆ ನಂಬಿ ಶೇಂಗಾ ಬಿತ್ತುವ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಬೆಳೆ ವಿಮೆಯೂ ಇದೇ ಪಾಠ ಹೇಳುತ್ತದೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳು ಬೆಳೆಗಳಿಗೆ ರೈತ ಕಟ್ಟುವುದು ವಿಮಾ ಮೊತ್ತದ ಗರಿಷ್ಠ 2 ಪರ್ಸೆಂಟ್. ಇಳುವರಿ ನಷ್ಟವನ್ನು ಮಾತ್ರ ಒಬ್ಬೊಬ್ಬರ ಹೊಲದಲ್ಲಿ ಅಳೆಯುವುದಿಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯನ್ನು, ಉಳಿದವಕ್ಕೆ ಹೋಬಳಿಯನ್ನು ಒಂದು ಘಟಕವಾಗಿ ಹಿಡಿದು, ಆಯ್ದ ತಾಕುಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ತೆಗೆಯುತ್ತಾರೆ. ತನ್ನ ಹೊಲ ಒಣಗಿದರೂ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದರೆ ಪರಿಹಾರ ಬರದೇ ಹೋಗಬಹುದು. ಈ ಪದ್ಧತಿಗೆ ಕಾರಣಗಳಿವೆ. ಲಕ್ಷಾಂತರ ಹೊಲಗಳನ್ನು ಒಂದೊಂದಾಗಿ ಅಳೆಯುವುದು ಕಷ್ಟ. ಆದರೆ ಇದನ್ನು ಪ್ರೀಮಿಯಂ ಕಟ್ಟುವ ದಿನವೇ ರೈತನಿಗೆ ತಿಳಿಸಬೇಕು.

ಬರೆಯುವವರ ಹೊಣೆ

ಇವತ್ತು ಈ ಲೆಕ್ಕಗಳನ್ನೆಲ್ಲ ಹಾಕುವುದು ತಂತ್ರಾಂಶ. ಅದನ್ನು ಬರೆಯುವವರು ನನ್ನಂಥವರು. 1999ರಲ್ಲಿ ಮಂಗಳನ ಬಳಿ ನಾಸಾದ ಒಂದು ನೌಕೆ ನಾಶವಾಯಿತು. ಒಂದು ತಂತ್ರಾಂಶ ಪೌಂಡ್ ಅಳತೆಯಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆ ನ್ಯೂಟನ್ ಅಳತೆಯೆಂದು ಬಳಸಿದ್ದೇ ಅದಕ್ಕೆ ಕಾರಣ. ಅದಾದ ಮೇಲೆ ಅಳತೆಯ ಎಚ್ಚರ ನಮ್ಮ ಕಸುಬಿನ ಮೊದಲ ಪಾಠಗಳಲ್ಲಿ ಒಂದಾಯಿತು. ದುಡ್ಡಿನ ವಿಷಯದಲ್ಲೂ ಅಷ್ಟೇ. ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಎಂದು ಬರುತ್ತದೆ. ಮೂರನೇ ಒಂದನ್ನು ದಶಮಾಂಶದಲ್ಲಿ ಬರೆದು ಮುಗಿಸಲಾಗದಂತೆ, ಹತ್ತನೇ ಒಂದನ್ನು ದ್ವಿಮಾನದಲ್ಲಿ ಬರೆದು ಮುಗಿಸಲಾಗದು. ಆದ್ದರಿಂದ ಎಚ್ಚರವಿರುವ ಪ್ರೋಗ್ರಾಮರ್ ರೂಪಾಯಿಯನ್ನು ಪೈಸೆಗೆ ಇಳಿಸಿ ಪೂರ್ಣಾಂಕದಲ್ಲೇ ಎಣಿಸುತ್ತಾನೆ. ಯಂತ್ರ ತಪ್ಪು ತಿಳಿಯದಿರಲೆಂದು ಇಷ್ಟು ಕಾಳಜಿ ವಹಿಸುವ ನಾವು, ಮನುಷ್ಯ ತಪ್ಪು ತಿಳಿಯದಿರಲೆಂದು ಅದರ ಅರ್ಧದಷ್ಟೂ ವಹಿಸುವುದಿಲ್ಲ ಎಂಬುದು ನನ್ನ ನೋವು.

ಕನ್ನಡದಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ ಹಿಡಿಸುವುದು 70 ಸಂಕೇತ, ಇಂಗ್ಲಿಷಿನಲ್ಲಿ 160. ಅಂದರೆ ಕನ್ನಡದ ಸಂದೇಶಕ್ಕೆ ಖರ್ಚು ಹೆಚ್ಚು. ಸಾಲ, ವಿಮೆಯ ಲೆಕ್ಕವನ್ನು ಜನರಿಗೆ ತಿಳಿಸುವ ಸಂಸ್ಥೆಗಳು ಆ ಖರ್ಚನ್ನು ಭರಿಸಲೇಬೇಕು. ಈ ಗಡಿ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಕುಟುಂಬಗಳು ಬಹಳ. ಎರಡು ಭಾಷೆಯಲ್ಲಿ ವ್ಯಾಪಾರ ಮಾಡಬಲ್ಲ ಜಾಣರಿಗೆ ಮೂರನೆಯ ಭಾಷೆಯ ಕರಾರುಪತ್ರ ಕೊಟ್ಟು ಬೆರಳೊತ್ತಿಸಿಕೊಳ್ಳುವುದು ನ್ಯಾಯವಲ್ಲ.

ಇದಕ್ಕೆ ಈಗ ನಿಯಮದ ಬಲವೂ ಇದೆ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ವೈಯಕ್ತಿಕ ಸಾಲಗಾರರಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಅವಧಿ ಸಾಲ ಕೊಡುವಾಗ ಮುಖ್ಯ ಸಂಗತಿಗಳ ಪಟ್ಟಿಯೊಂದನ್ನು ಕೊಡಬೇಕು. ಶುಲ್ಕಗಳೂ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರಬೇಕು. ಆ ಪಟ್ಟಿ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು.

ಸಾಲ ಪಡೆಯುವ ಪ್ರತಿಯೊಬ್ಬರೂ ಈ ಪಟ್ಟಿಯನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ಯಾವ ಅಂಕಿ ಕೊಟ್ಟರೂ ಮೂರು ಪ್ರಶ್ನೆ ಕೇಳಿ: ಯಾವುದರ ಮೇಲೆ, ಎಷ್ಟು ಕಾಲಕ್ಕೆ, ಎಲ್ಲ ಸೇರಿ ಕೈಯಿಂದ ಹೋಗುವುದೆಷ್ಟು? ನಮ್ಮ ಊರುಗಳಿಂದ ಕೋಡಿಂಗ್ ಕಲಿಯಲು ಹೊರಟಿರುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ನೀವು ಕಟ್ಟುವ ಮೊದಲ ತಂತ್ರಾಂಶ ಈ ಮೂರು ಪ್ರಶ್ನೆಗೆ ನಿಮ್ಮ ಅವ್ವನಿಗೆ ಕನ್ನಡದಲ್ಲಿ ಉತ್ತರ ಹೇಳುವಂಥದ್ದಾಗಿರಲಿ. ಅದಕ್ಕೆ ಬೇಕಾದ ಗಣಿತ ಹೈಸ್ಕೂಲಿನ ಚಕ್ರಬಡ್ಡಿ ಪಾಠದಲ್ಲಿದೆ, ಬೇಕಾದ ಅಕ್ಷರಗಳು ಯೂನಿಕೋಡ್‌ನಲ್ಲಿವೆ. ಇನ್ನು ಬರೆಯುವ ಕೈಗಳು ಬೇಕು.